ಪಂಪು ತರದ ಪದ್ರಿನೊ

ಮೆಹಿಕಾಲಿಯಲ್ಲಿ ಏಸಿ ಕೂರಿಸುವವರೆಲ್ಲ ಒಂದಲ್ಲ ಒಂದು ದಿನ ನನ್ನ ಅಂಗಡಿಯ ಮುಂದೆ ಬಂದು ನಿಲ್ಲಲೇಬೇಕು. ತಾಮ್ರದ ಪೈಪು, ಹಿತ್ತಾಳೆಯ ನಟ್ಟು, ಗ್ಯಾಸಿನ ಸಿಲಿಂಡರು, ಸುತ್ತುವ ಟೇಪು, ಎಲ್ಲವೂ ನನ್ನಲ್ಲಿ ಸಿಗುತ್ತವೆ. ಗಂಡ ತೀರಿಕೊಂಡಾಗ ಅಂಗಡಿಯನ್ನು ಮಾರಿಬಿಡು ಎಂದವರೇ ಹೆಚ್ಚು. ಹೆಂಗಸಿಗೆ ಕಂಪ್ರೆಸರಿನ ವಿಷಯ ಏನು ಗೊತ್ತು ಎಂದು ನನ್ನ ನಾದಿನಿಯೇ ಆಡಿಕೊಂಡಿದ್ದಳು. ಕಂಪ್ರೆಸರಿನ ಮಾತು ಹಾಗಿರಲಿ, ಅದನ್ನು ಮುಟ್ಟುವ ಗಂಡಸರ ವಿಷಯ ನನಗೆ ಚೆನ್ನಾಗಿ ಗೊತ್ತು. ಯಾರು ಏನು ಕೊಳ್ಳುತ್ತಾರೆ, ಯಾರು ಏನನ್ನು ಮಾತ್ರ ಕೊಳ್ಳುವುದಿಲ್ಲ ಎಂದು ವರ್ಷಗಟ್ಟಲೆ ನೋಡುತ್ತ ಕುಳಿತರೆ, ಅವರು ಪಾದ್ರಿಯ ಮುಂದೆ ಹೇಳದ ಸಂಗತಿಯೂ ತಿಳಿದುಬಿಡುತ್ತದೆ.

ನಬೋರ್ ಉರಿಯಾರ್ತೆ ಬಹಳ ವರ್ಷಗಳಿಂದ ನನ್ನ ಬಳಿ ಪಂಪಿನ ಎಣ್ಣೆ ಕೊಂಡಿರಲಿಲ್ಲ.

ಇದರ ಅರ್ಥ ಏನು ಎಂದು ಹೇಳಿಬಿಡುತ್ತೇನೆ. ನಮ್ಮ ಮನೆಗಳ ಏಸಿ ಎರಡು ತುಂಡಾಗಿ ಬರುತ್ತದೆ. ಒಂದು ಕೋಣೆಯ ಒಳಗೆ, ಇನ್ನೊಂದು ಹೊರಗೆ, ನಡುವೆ ತಾಮ್ರದ ಎರಡು ಪೈಪು. ಗ್ಯಾಸು ಹೊರಗಿನ ಪೆಟ್ಟಿಗೆಯಲ್ಲೇ ತುಂಬಿ ಬಂದಿರುತ್ತದೆ. ಪೈಪಿನೊಳಗೆ ಮಾತ್ರ ನಮ್ಮ ಊರಿನ ಗಾಳಿ, ಆ ಗಾಳಿಯಲ್ಲಿ ನೀರಿನ ಪಸೆ. ಪಂಪು ಹಚ್ಚಿ ಅದನ್ನೆಲ್ಲ ಪೂರ್ತಿ ಹೀರಬೇಕು, ಗೇಜಿನ ಮುಳ್ಳು ತಳಕ್ಕಿಳಿದು ಅಲ್ಲೇ ನಿಲ್ಲುತ್ತದೋ ನೋಡಬೇಕು, ಆಮೇಲೆ ಗ್ಯಾಸು ಬಿಡಬೇಕು. ಪಂಪು ಪಸೆ ಹೀರಿದ ಹಾಗೆಲ್ಲ ಅದರ ಎಣ್ಣೆ ಬೆಳ್ಳಗೆ ಕದಡುತ್ತದೆ, ಬದಲಿಸುತ್ತಲೇ ಇರಬೇಕು. ಎಣ್ಣೆ ಕೊಳ್ಳದವನು ಪಂಪು ಓಡಿಸುತ್ತಿಲ್ಲ. ಇಷ್ಟು ತಿಳಿಯಲು ಪಾಂಡಿತ್ಯ ಬೇಕಿಲ್ಲ.

"ಎಣ್ಣೆ ಬೇಡ್ವೇನೋ ನಬೋರ್?" ಎಂದು ಪ್ರತಿ ಸಲ ಕೆಣಕುತ್ತಿದ್ದೆ.

"ನಿಮ್ಮ ಎಣ್ಣೇಲಿ ಆಲೂಗಡ್ಡೆ ಕರ್ಕೊಳ್ಳಿ ದೋನ್ಯಾ, ನಂಗೆ ಗ್ಯಾಸ್ ಕೊಡಿ, ಜನ ಕಾಯ್ತಿದ್ದಾರೆ" ಎಂದು ನಗುತ್ತ ಗಾಡಿ ಹತ್ತುತ್ತಿದ್ದ.

ಜನ ಕಾಯುತ್ತಿದ್ದದ್ದು ನಿಜ. ಗಡಿಬೇಲಿಗೆ ಒತ್ತಿಕೊಂಡ ಈ ಮರಳುಗಾಡಿನ ಊರಿನಲ್ಲಿ ಜುಲೈ ಬಂತೆಂದರೆ ಏಸಿ ಕೂರಿಸುವವನಿಗೆ ಡಾಕ್ಟರಿಗಿಂತ ಹೆಚ್ಚು ಮರ್ಯಾದೆ. ಅವನ ಗಾಡಿ ಬೀದಿಗೆ ತಿರುಗಿದರೆ ಸಾಕು, ಹೆಂಗಸರು ಬಾಗಿಲಿಗೆ ಬಂದು "ಮೇಸ್ತ್ರಿ, ನಮ್ಮನೆಗೂ ಬನ್ನಿ ಮೇಸ್ತ್ರಿ" ಎಂದು ಕೂಗುತ್ತಾರೆ. ಅದರಲ್ಲೂ ನಬೋರ್ ಬೇರೆಯವರು ಒಂದು ಮನೆ ಮುಗಿಸುವಷ್ಟರಲ್ಲಿ ಎರಡು ಮನೆ ಮುಗಿಸುತ್ತಿದ್ದ. ಪೈಪಿನ ಒಂದು ನಟ್ಟನ್ನು ಸಡಿಲ ಬಿಟ್ಟು, ಹೊರಗಿನ ಪೆಟ್ಟಿಗೆಯ ವಾಲ್ವನ್ನು ಕೊಂಚ ತಿರುಗಿಸುವನು. ಗ್ಯಾಸು ನುಗ್ಗಿ ಒಳಗಿನ ಗಾಳಿಯನ್ನು ಆ ಸಂದಿಯಿಂದ ತಳ್ಳುವುದು. ಬುಸ್ ಎಂದು ಸದ್ದು. ನಟ್ಟು ಬಿಗಿ ಮಾಡಿ, ವಾಲ್ವು ಪೂರ್ತಿ ತೆರೆದು, ಕೈ ಒರೆಸಿಕೊಂಡರೆ ಆಯಿತು. ಕಸಬರಿಗೆಯಲ್ಲಿ ಬಾಗಿಲ ಮುಂದಿನ ಮರಳು ಗುಡಿಸಿದ ಹಾಗೆ. ಹೆಚ್ಚಿನದು ಹೋಗುತ್ತದೆ, ಎಲ್ಲವೂ ಹೋಗುವುದಿಲ್ಲ.

ಅವನಿಗೆ ಸರಿಯಾದ ಕೆಲಸ ಗೊತ್ತಿರಲಿಲ್ಲ ಎಂದೇನೂ ಅಲ್ಲ. ಸಿನಾಲೋವಾದಿಂದ ಅವನ ಅಪ್ಪ ಹತ್ತಿ ಬಿಡಿಸಲು ಈ ಕಣಿವೆಗೆ ಬಂದಾಗ ನಬೋರ್ ತಾಯಿಯ ಕಂಕುಳಲ್ಲಿದ್ದ. ಆಗೆಲ್ಲ ತಂಪು ಎಂದರೆ ಹುಲ್ಲಿನ ಮೆತ್ತೆಯ ಮೇಲೆ ನೀರು ಸುರಿಸುವ ಕೂಲರು. ತಾರಸಿಯಿಂದ ತಾರಸಿಗೆ ಏರಿ, ಕೊಳೆತ ಹುಲ್ಲು ಬದಲಿಸುತ್ತಲೇ ಬೆಳೆದ. ಆಮೇಲೆ ಊರೆಲ್ಲ ಮರ್ಯಾದೆಯಿಂದ ದೋನ್ ಫಾಕುಂದೊ ಎನ್ನುತ್ತಿದ್ದ ಮೇಸ್ತ್ರಿಯ ಕೈಕೆಳಗೆ ಏಸಿ ಕೆಲಸ ಕಲಿತ. ಆ ಮುದುಕ ಪಂಪು ಹಚ್ಚಿದರೆ ಟೋಪಿಯನ್ನು ಮುಖದ ಮೇಲೆಳೆದುಕೊಂಡು ಪಕ್ಕದಲ್ಲೇ ಕೂರುವನು. ಮನೆಯವರು ಅವಸರ ಮಾಡಿದರೆ "ಐಸ್ ತಂದು ತಲೆ ಮೇಲೆ ಇಟ್ಕೊಳ್ರಿ, ಮುಳ್ಳು ಇಳೀದೆ ನಾನು ಏಳಲ್ಲ" ಎನ್ನುವನು. ನಬೋರ್ ಹಾಗೇ ಕಲಿತ, ಹಾಗೇ ಮಾಡಿದ, ನನ್ನ ಗಂಡನ ಕಾಲದಲ್ಲಿ ತಪ್ಪದೆ ಎಣ್ಣೆ ಒಯ್ದ.

ಒಂದು ಬೇಸಿಗೆಯಲ್ಲಿ ಅವನ ಪಂಪು ತಾರಸಿಯಿಂದ ಕೆಳಗೆ ಬಿತ್ತು. ಅವತ್ತಿನ ಮನೆಯಲ್ಲಿ ಹಸುಗೂಸು ಸೆಕೆಗೆ ಕಿರುಚಿ ಕಿರುಚಿ ಸುಸ್ತಾಗಿತ್ತು. ಒಂದು ಸಲಕ್ಕೆ ಎಂದುಕೊಂಡು ಗ್ಯಾಸು ಬಿಟ್ಟು ಗುಡಿಸಿದ. ತಂಪು ಬಂತು, ಕೂಸು ನಿದ್ದೆ ಹೋಯಿತು, ಅಜ್ಜಿ ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳು. ಮರುದಿನ ಇನ್ನೊಂದು ಮನೆ. ಪಂಪು ರಿಪೇರಿಗೆ ಕೊಡುತ್ತೇನೆ ಎಂದವನು ಕೊಡಲಿಲ್ಲ. ಅದು ಅವನ ಶೆಡ್ಡಿನ ಮೂಲೆ ಸೇರಿತು, ಮೇಲೆ ಬಣ್ಣದ ಡಬ್ಬಿಗಳು ಕೂತವು. ಹೀಗೆ ಕೂರಿಸಿದ ಏಸಿ ಬೇಗ ಸಾಯುತ್ತದೆ ನಿಜ, ಆದರೆ ಅದೇ ದಿನ ಸಾಯುವುದಿಲ್ಲವಲ್ಲ. ಸತ್ತಾಗ ಜನ ಬಿಸಿಲನ್ನು ಬೈದರು, ಕಂಪನಿಯನ್ನು ಬೈದರು, ಕರೆಂಟಿನವರನ್ನು ಬೈದರು. ನಬೋರನನ್ನು ಯಾರೂ ಬೈಯಲಿಲ್ಲ. ಹೊಸ ಏಸಿ ತಂದು ಅವನನ್ನೇ ಕರೆದರು.

ಇಂಥವನಿಗೆ ನಾಚಿಕೆ ಕಲಿಸಿದ್ದು ಅವನ ಕೊಂಪಾದ್ರೆ ಚೆಮಾ.

ಚೆಮಾನ ಮಗಳು ಯಾದಿರಾಗೆ ಜ್ಞಾನಸ್ನಾನ ಮಾಡಿಸಿದಾಗ ಅವಳನ್ನು ಕೈಯಲ್ಲಿ ಎತ್ತಿಕೊಂಡವನು ನಬೋರ್. ಅಂದಿನಿಂದ ಅವನು ಹುಡುಗಿಗೆ ಪದ್ರಿನೊ, ಅಂದರೆ ದೇವರ ಮುಂದೆ ಇನ್ನೊಬ್ಬ ಅಪ್ಪ; ಅವಳ ಅಪ್ಪನಿಗೆ ಕೊಂಪಾದ್ರೆ, ಒಡಹುಟ್ಟಿಗಿಂತ ಹತ್ತಿರದ ನಂಟ. ಒಡಹುಟ್ಟಿದವರು ಜಗಳವಾಡಬಹುದು, ಕೊಂಪಾದ್ರೆಗಳು ಆಡುವಂತಿಲ್ಲ. ಇವರಿಬ್ಬರೂ ಒಂದೇ ಬೀದಿಯಲ್ಲಿ ಚಡ್ಡಿ ಹಾಕಿ ಓಡಾಡಿದವರು, ಜ್ಞಾನಸ್ನಾನದ ದಿನದಿಂದ ಒಬ್ಬರಿಗೊಬ್ಬರು 'ನೀವು' ಎನ್ನತೊಡಗಿದರು.

ಚೆಮಾ ಹತ್ತಿ ಗಿರಣಿಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು ನಿವೃತ್ತನಾದವನು. ಮಿತ ಮಾತು, ಇಸ್ತ್ರಿ ಮಾಡಿದ ಶರ್ಟು, ಹಿಂದಿನ ಜೇಬಿನಲ್ಲಿ ಹಿಡಿಗೆ ಕೆಂಪು ಟೇಪು ಸುತ್ತಿದ ಕಟಿಂಗ್ ಪ್ಲೇಯರ್. ಅದನ್ನು ಅವನು ಯಾರಿಗೂ ಎರವಲು ಕೊಟ್ಟವನಲ್ಲ. "ನನ್ನನ್ನಾದ್ರೂ ಯಾರಿಗಾದ್ರೂ ಕೊಟ್ಟಾರು, ಆ ಪ್ಲೇಯರ್ ಕೊಡಲ್ಲ" ಎಂದು ಅವನ ಹೆಂಡತಿ ಕೂಕಾ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದಳು.

ಯಾದಿರಾಳ ಮದುವೆ ಗೊತ್ತಾಯಿತು. ನಮ್ಮಲ್ಲಿ ಮದುವೆಯ ಭಾರವನ್ನು ಒಬ್ಬನ ತಲೆಗೆ ಕಟ್ಟುವುದಿಲ್ಲ. ಉಂಗುರದ ಖರ್ಚು ಹೊರಲು ಒಬ್ಬ ಪದ್ರಿನೊ, ಬ್ಯಾಂಡಿಗೊಬ್ಬ, ಚೀನೀಯರ ಹೋಟೆಲಿನಿಂದ ಬರುವ ಊಟಕ್ಕೊಬ್ಬ. ಹೆಂಗಸಾದ್ದರಿಂದ ನಾನು ಕೇಕಿನ ಮದ್ರಿನಾ. ಚೆಮಾ ಮನೆಯ ಹಿತ್ತಲಿನಲ್ಲಿ ಮಗಳು ಅಳಿಯನಿಗೆಂದು ಒಂದು ಕೋಣೆ ಕಟ್ಟಿಸಿ, ಅದರ ವೈರಿಂಗನ್ನು ಯಾರ ಕೈಗೂ ಬಿಡದೆ ತಾನೇ ಎಳೆದ. ಗೋಡೆಯೊಳಗೆ ಪೈಪು ಕೂರಿಸುವುದರಿಂದ ಹಿಡಿದು ಸ್ವಿಚ್ಚಿನ ಕೊನೆಯ ಸ್ಕ್ರೂವರೆಗೆ. ಮದುವೆಯ ಮಾತುಕತೆಗೆ ಎಲ್ಲರೂ ಸೇರಿದ್ದಾಗ ನಬೋರ್ ಎದ್ದು ನಿಂತು "ಆ ಕೋಣೆ ತಂಪಿಗೆ ನಾನು ಪದ್ರಿನೊ" ಎಂದು ಘೋಷಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಹೀಗೆ ಕೊಟ್ಟ ವಸ್ತುವಿಗೆ ಕೊಟ್ಟವನ ಹೆಸರು ಕೊನೆತನಕ ಅಂಟಿಕೊಂಡಿರುತ್ತದೆ. ನನ್ನ ಕೇಕು ಒಂದು ರಾತ್ರಿಯಲ್ಲಿ ಮುಗಿದುಹೋಯಿತು, ನಾನು ಬದುಕಿದೆ.

ಮದುವೆಯ ಹಿಂದಿನ ದಿನ ಅವನು ಏಸಿ ಹೊತ್ತು ಬಂದ. ಆಗಲೇ ಇನ್ನೆರಡು ಮನೆಗಳಿಗೆ ಮಾತು ಕೊಟ್ಟಿದ್ದ. ಚೆಮಾ ಏಣಿ ಹಿಡಿದು ನಿಂತ. ಕೇಕು ಎಲ್ಲಿಡುವುದು ಎಂದು ನೋಡಲು ಹೋದ ನಾನು ಬಾಗಿಲಲ್ಲೇ ಇದ್ದೆ. ಬುಸ್ ಎಂಬ ಸದ್ದು ನನಗೂ ಕೇಳಿಸಿತು.

"ಏನದು ಸದ್ದು ಕೊಂಪಾದ್ರೆ?" ಎಂದು ಚೆಮಾ ಕೇಳಿದ.

"ಏಸಿ ಹುಟ್ತು ನೋಡಿ ಕೊಂಪಾದ್ರೆ, ಮೊದಲ ಉಸಿರು ಬಿಟ್ತು."

ಚೆಮಾ ಹೊಟ್ಟೆ ಹಿಡಿದುಕೊಂಡು ನಕ್ಕ. ಮದುವೆಗೆ ಬಂದವರಿಗೆಲ್ಲ ಅದೇ ಮಾತು, "ನಮ್ಮ ಕೊಂಪಾದ್ರೆ ಕೈಲಿ ಏಸಿ ಹುಟ್ತಂತೆ, ಮೊದಲ ಉಸಿರು ಬಿಡ್ತಂತೆ." ಮಗಳು ಎಂದು ಎತ್ತಿ ಆಡಿಸಿದವಳಿಗೇ ಹೀಗೆ ಮಾಡಿದನಲ್ಲ ಎಂದು ನನಗೆ ಆಮೇಲೆ ಸಿಟ್ಟು ಬಂತು. ಆದರೆ ಅವನು ಬೇಕೆಂದು ಮಾಡಿದ್ದಲ್ಲ. ಅದು ತಪ್ಪು ಎಂದು ಅನಿಸದಷ್ಟು ಅವನಿಗೆ ರೂಢಿಯಾಗಿಬಿಟ್ಟಿತ್ತು.

ಆಗಸ್ಟ್ ಬಂತು. ಬಿಸಿಲಿಗೆ ಕೊಲ್ಲಿಯ ಕಡೆಯ ಜಿಗುಟು ಗಾಳಿಯೂ ಸೇರಿ ಊರು ಬೇಯತೊಡಗಿತು. ಯಾದಿರಾಳ ಗಂಡ ಇರಾಮ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯವನು, ಅವನು ಮಲಗಬೇಕಾದದ್ದೇ ಮಧ್ಯಾಹ್ನ. ಸರಿಯಾಗಿ ಅದೇ ಹೊತ್ತಿಗೆ ಏಸಿ ನಿಂತುಬಿಡುತ್ತಿತ್ತು. ಸಂಜೆ ತಾನಾಗಿಯೇ ಓಡುವುದು, ಬೆಳಿಗ್ಗೆ ಓಡುವುದು, ಪ್ರಾಣ ಹೋಗುವ ಹೊತ್ತಿನಲ್ಲಿ ಮಾತ್ರ ಇಲ್ಲ. ಹುಡುಗ ಮಾವನ ಮನೆಯ ನಡುಮನೆಯಲ್ಲಿ ನೆಲದ ಮೇಲೆ ಹೊರಳಾಡಿ, ಕೆಂಪು ಕಣ್ಣಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದ. ಒಂದು ದಿನ ಮಷೀನಿನ ಮುಂದೆ ತೂಕಡಿಸಿ ಬೆರಳು ಕಳೆದುಕೊಳ್ಳುವುದರಲ್ಲಿದ್ದ.

ಯಾದಿರಾ ಪದ್ರಿನೊನನ್ನು ಕರೆಸಿದಳು. ನಬೋರ್ ಹೊರಗಿನ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ವೈರಿಗೆ ಮೀಟರ್ ಹಾಕಿದ. ಕಂಪ್ರೆಸರು ಎಳೆಯಬಾರದಷ್ಟು ಕರೆಂಟು ಎಳೆಯುತ್ತಿತ್ತು, ಮುಟ್ಟಿದರೆ ಕೈ ಸುಡುತ್ತಿತ್ತು. ಪೈಪಿನಲ್ಲಿ ಉಳಿದ ಗಾಳಿ ಎಲ್ಲಿಗೂ ಹೋಗಲಾರದೆ ಒಳಗೇ ಒತ್ತುತ್ತದೆ, ಬಿಸಿಲು ಏರಿದಂತೆ ಒತ್ತಡ ಏರುತ್ತದೆ, ಸುಟ್ಟುಹೋಗುವ ಮುನ್ನ ಕಂಪ್ರೆಸರು ತಾನೇ ನಿಂತುಬಿಡುತ್ತದೆ. ಅವನಿಗೆ ಆ ಕ್ಷಣವೇ ತಿಳಿಯಿತು. ಹಾಗೆಂದು ಅವನೇ ನನಗೆ ಆಮೇಲೆ ಹೇಳಿದ್ದಾನೆ. ಆದರೆ ಹಿಂದೆ ಚೆಮಾ ನಿಂತಿದ್ದ, ಕೂಕಾ ನಿಂತಿದ್ದಳು, ಇರಾಮನ ತಾಯಿ ಒಫೆಲಿಯಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ವೋಲ್ಟೇಜ್ ಬೀಳ್ತಿದೆ" ಎಂದುಬಿಟ್ಟ ನಬೋರ್. "ವೈರ್ ಸಾಲ್ತಿಲ್ಲ ಅನ್ಸುತ್ತೆ."

ಆಗಸ್ಟಿನಲ್ಲಿ ನಮ್ಮೂರಿನ ಪ್ರತಿ ಮೇಸ್ತ್ರಿಯೂ ಹೇಳುವ ಮಾತು ಅದು. ಅರ್ಧ ಸಲ ನಿಜವೂ ಆಗಿರುತ್ತದೆ. ಆ ಮನೆಯ ವೈರು ಎಳೆದವನು ಯಾರು ಎಂಬುದು ಬಾಯಿಂದ ಮಾತು ಜಾರಿದ ಮೇಲೆ ಅವನಿಗೆ ನೆನಪಾಯಿತು. ತಿರುಗಿ ನೋಡಿದರೆ ಚೆಮಾನ ಮುಖ ಕಪ್ಪಿಟ್ಟಿತ್ತು.

"ನಾನು ದಪ್ಪ ವೈರೇ ಹಾಕಿದ್ದೆ ಕೊಂಪಾದ್ರೆ" ಎಂದ ಚೆಮಾ, ಮೆಲ್ಲಗೆ.

"ವಯಸ್ಸಾದ ಮೇಲೆ ಕೈ ಮೊದಲಿನ ಹಾಗೆ ನಡೆಯುತ್ತಾ?" ಎಂದು ಒಫೆಲಿಯಾ ಗಾಳಿಗೆ ಹೇಳಿದಳು. "ನನ್ನ ಮಗ ಪುಕ್ಕಟೆ ಕೋಣೆಗೆ ಆಸೆಪಟ್ಟ, ಈಗ ನಿದ್ದೆ ಕಳ್ಕೊಂಡ."

ನಬೋರ್ ಮೀಟರು ಚೀಲಕ್ಕೆ ತುರುಕಿಕೊಂಡು ಇನ್ನೊಂದು ಮನೆಯ ಕೆಲಸವಿದೆ ಎಂದು ಹೊರಟುಹೋದ.

ಮುಂದಿನ ವಾರವೆಲ್ಲ ಚೆಮಾ ಆ ಗೋಡೆಯನ್ನು ಒಡೆದ. ತಾನೇ ನುಣ್ಣಗೆ ಗಿಲಾವು ಮಾಡಿಸಿದ್ದ ಗೋಡೆ. ಕೋಣೆಯಲ್ಲಿ ಉಸಿರಾಡಲು ಆಗದ ಸೆಕೆ. ಕೂಕಾ ಒದ್ದೆ ಟವೆಲ್ಲು ತಂದು ಅವನ ಕತ್ತಿಗೆ ಹಾಕುವಳು, ಅವನು ಕಿತ್ತು ಬಿಸಾಡುವನು. ಇನ್ನೂ ದಪ್ಪನೆಯ ವೈರು ತಂದು, ಪ್ರತಿ ಜೋಡಣೆಯನ್ನೂ ಬಿಚ್ಚಿ ಮತ್ತೆ ಕಟ್ಟಿದ. ಭಾನುವಾರ ಬೀಗರನ್ನೂ ನಮ್ಮನ್ನೂ ಊಟಕ್ಕೆ ಕರೆದ. ಕೆಂಡದ ಮೇಲೆ ಮಾಂಸ ಸುಡುವ ಕೆಲಸ ಎಂದಿನಂತೆ ನಬೋರನದು.

ಬಿಸಿ ತೊರ್ತಿಯಾ ರೊಟ್ಟಿಗಳು ಮೇಜಿಗೆ ಬಂದಾಗ ಚೆಮಾ ಎದ್ದು ನಿಂತ. ಅಷ್ಟು ಜನರ ಮುಂದೆ ಅವನು ಮಾತಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

"ದೋನ್ಯಾ ಒಫೆಲಿಯಾ, ಇರಾಮ್, ಮಗಳೇ" ಎಂದ. "ನನ್ನ ಕೈಯಿಂದ ತಪ್ಪಾಯ್ತು. ವೈರ್ ಸರಿಯಾಗಿ ಹಾಕ್ಲಿಲ್ಲ ನಾನು. ಮಗಳ ಮನೆ ಅಂತ ಮುತುವರ್ಜಿ ವಹಿಸಿದ್ದೆ ಅಂದ್ಕೊಂಡಿದ್ದೆ. ನಿಮ್ಮೆಲ್ರ ಹತ್ರ ಕ್ಷಮೆ ಕೇಳ್ತೀನಿ. ಕೊಂಪಾದ್ರೆ, ನಿಮ್ಮ ಹತ್ರಾನೂ. ನೀವು ಅಷ್ಟು ಒಳ್ಳೆ ಮಷೀನ್ ಕೊಟ್ರಿ, ನಾನು ಅದಕ್ಕೆ ಕೆಟ್ಟ ಹೆಸರು ತಂದೆ."

ನಬೋರ್ ಬೆನ್ನು ತೋರಿಸಿ ನಿಂತಿದ್ದ. ಕೈಯಲ್ಲಿದ್ದ ಚಿಮ್ಮಟದಿಂದ ಅದೇ ಒಂದು ತುಂಡನ್ನು ತಿರುವಿ ತಿರುವಿ ಹಾಕುತ್ತಿದ್ದ. ಅದು ಕರಕಲಾಯಿತು. "ಪರವಾಗಿಲ್ಲ ಕೊಂಪಾದ್ರೆ, ಬಿಡಿ" ಎಂದ, ತಿರುಗದೆ. ಪರವಾಗಿಲ್ಲ ಎಂದನಲ್ಲ! ಬುಸ್ ಎಂಬ ಆ ಸದ್ದೂ, ಅವನು ಒಯ್ಯದ ಎಣ್ಣೆಯೂ ಅಲ್ಲೇ ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡವು.

ಸ್ವಲ್ಪ ಹೊತ್ತಿಗೆ, ನಾವು ಇನ್ನೂ ತಿನ್ನುತ್ತಿರುವಾಗಲೇ, ಹಿತ್ತಲಿನ ಕೋಣೆಯ ಏಸಿ ಟಕ್ಕೆಂದು ನಿಂತಿತು. ಎಲ್ಲರೂ ಚೆಮಾನ ಕಡೆ ನೋಡಿದರು. ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ತನ್ನ ಎರಡು ಕೈಗಳನ್ನೂ ಮೇಜಿನ ಮೇಲಿಟ್ಟುಕೊಂಡು ಅವನ್ನೇ ನೋಡುತ್ತ ಕುಳಿತ.

ಆ ವಾರದ ಕೊನೆಗೆ ನಬೋರ್ ಅಂಗಡಿಗೆ ಬಂದ. ಗ್ಯಾಸು ಕೇಳಿದ.

"ಯಾವ ಮನೆಗೆ?" ಎಂದೆ.

"ಯಾದಿರಾ ಮನೆಗೆ. ಸ್ವಲ್ಪ ಜಾಸ್ತಿ ಗ್ಯಾಸ್ ಹಾಕಿ ನೋಡ್ತೀನಿ."

"ಹಾಕು, ಹಾಕು. ಉಬ್ಬಿದ ಹೊಟ್ಟೆಗೆ ಇನ್ನೊಂದು ಊಟ ತುರುಕು. ನಬೋರ್, ನನ್ನ ಕಣ್ಣು ನೋಡಿ ಹೇಳು. ಆ ಪೈಪಿಗೆ ಪಂಪ್ ಹಚ್ಚಿದ್ಯಾ?"

ಅವನು ನನ್ನ ಕಣ್ಣು ನೋಡಲಿಲ್ಲ. ಕಟ್ಟೆಯ ಮೇಲಿದ್ದ ನಟ್ಟುಗಳ ಡಬ್ಬಿಯಲ್ಲಿ ಬೆರಳಾಡಿಸಿದ. "ಇಲ್ಲ" ಎಂದ.

"ಮತ್ತೆ ಆ ಮನುಷ್ಯ ಎಲ್ರ ಮುಂದೆ ತಲೆ ತಗ್ಗಿಸಿ ಕ್ಷಮೆ ಕೇಳುವಾಗ ನಿನ್ನ ನಾಲಿಗೆ ಎಲ್ಲಿ ಹೋಗಿತ್ತೋ? ಮಾಂಸದ ಜೊತೆ ಸುಟ್ಕೊಂಡ್ಯಾ?"

"ಹೇಗೆ ಹೇಳ್ಲಿ ದೋನ್ಯಾ? ಬೇರೆಯೋರ ಮನೆ ಆಗಿದ್ರೆ ಹೇಳ್ತಿದ್ದೆ. ಅವಳು ನನ್ನ ಮಗಳು. ಅವರು ನನ್ನ ಕೊಂಪಾದ್ರೆ. ಅವತ್ತೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಈಗ ಗೋಡೆ ಒಡೆದಾದ ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?" ಅವನ ಕಣ್ಣು ತುಂಬಿತು. "ಅವರಿಲ್ದಾಗ ಹೋಗಿ ಸದ್ದಿಲ್ದೆ ಸರಿ ಮಾಡ್ಬಿಡ್ತೀನಿ ಅಂದ್ಕೊಂಡೆ. ಆದ್ರೆ ಏಸಿ ನಿಲ್ಲೋ ಹೊತ್ತಿಗೆ ಕೊಂಪಾದ್ರೆ ಮನೆ ಬಿಟ್ಟು ಕದಲ್ತಿಲ್ಲ. ದಿನಾ ಮಧ್ಯಾಹ್ನ ಆ ಪೆಟ್ಟಿಗೆ ಮುಂದೆ ಕುರ್ಚಿ ಹಾಕ್ಕೊಂಡು ಕೂರ್ತಾರಂತೆ, ಯಾಕೆ ನಿಲ್ಲುತ್ತೆ ಅಂತ ನೋಡೋಕೆ."

ಬೈಯಲು ಬಾಯಿ ತೆರೆದಿದ್ದೆ, ಆಗಲೇ ಬಾಗಿಲಲ್ಲಿ ಚೆಮಾ ಕಾಣಿಸಿದ. ಹೊರಗೆ ನಬೋರನ ಗಾಡಿ ನಿಂತದ್ದು ನೋಡಿ ಒಳಗೆ ಬಂದಿದ್ದ. ಅವತ್ತು ಅವನ ಶರ್ಟಿಗೆ ಇಸ್ತ್ರಿ ಇರಲಿಲ್ಲ. ಹಿಂದಿನ ಜೇಬಿನಿಂದ ಪ್ಲೇಯರ್ ತೆಗೆದು, ಟೇಪು ಸುತ್ತಿದ ಹಿಡಿಯನ್ನು ನಬೋರನ ಕಡೆ ತಿರುಗಿಸಿ ಚಾಚಿದ.

"ಇದನ್ನ ನೀವು ಇಟ್ಕೊಳ್ಳಿ ಕೊಂಪಾದ್ರೆ. ನೀವಿನ್ನೂ ಕೆಲಸ ಮಾಡೋರು."

"ಇದೇನ್ ಕೊಂಪಾದ್ರೆ, ನಿಮ್ಮ..."

"ಎಲ್ಲಾ ಎರಡೆರಡು ಸಲ ನೋಡ್ದೆ. ತಪ್ಪು ಎಲ್ಲಿದೆ ಅಂತಾನೇ ಕಾಣ್ತಿಲ್ಲ ನಂಗೆ. ತಪ್ಪು ಕಾಣ್ದೇ ಇರೋನು ವೈರ್ ಮುಟ್ಬಾರ್ದು. ಗಿರಣೀಲಿ ಇಂಥೋನನ್ನ ನಾನೇ ಮನೆಗೆ ಕಳಿಸ್ತಿದ್ದೆ." ನಗಲು ಯತ್ನಿಸಿದ, ಬಾಯಿ ಮಾತ್ರ ಅಲುಗಿತು. "ಮಗಳಿಗೆ ಒಂದು ವೈರ್ ಎಳೆಯೋಕೆ ಬರ್ಲಿಲ್ಲ ನೋಡಿ."

ನಾನು ನಬೋರನನ್ನೇ ದುರುಗುಟ್ಟಿ ನೋಡಿದೆ. ಈಗಲಾದರೂ ಬಾಯಿ ಬಿಡು ಮಾರಾಯ, ಈಗಲಾದರೂ. ಅವನು ಕೈ ಚಾಚಿ ಪ್ಲೇಯರ್ ತೆಗೆದುಕೊಂಡ. ತೆಗೆದುಕೊಂಡ! ಚೆಮಾ ಅವನ ಹೆಗಲು ತಟ್ಟಿ, ನನಗೆ ಟೋಪಿ ಎತ್ತಿ ವಂದಿಸಿ ಬಿಸಿಲಿಗೆ ಇಳಿದುಹೋದ. ಅವನ ಹಿಂದಿನ ಜೇಬು ಪ್ಲೇಯರಿನ ಆಕಾರದಲ್ಲೇ ಜೋತಿತ್ತು.

ಒಳಗಿನ ಕಪಾಟಿನಿಂದ ಪಂಪಿನ ಎಣ್ಣೆಯ ಬಾಟಲಿ ತಂದು ಕಟ್ಟೆಯ ಮೇಲೆ ದಬ್ಬೆಂದು ಇಟ್ಟೆ. ನಬೋರ್ ಅದನ್ನು ನೋಡಿದ, ಕೈಯಲ್ಲಿದ್ದ ಪ್ಲೇಯರನ್ನು ನೋಡಿದ. ಆಮೇಲೆ ಐವತ್ತು ದಾಟಿದ ಆ ಗಂಡಸು ನನ್ನ ಕಟ್ಟೆಗೆ ಹಣೆ ಹಚ್ಚಿ ಬಿಕ್ಕಿ ಬಿಕ್ಕಿ ಅತ್ತ. ಗಿರಾಕಿಗಳು ಬಂದರೆ ಏನೆಂದುಕೊಂಡಾರು ಎಂದು ಬಾಗಿಲು ಎಳೆದೆ.

ಬಣ್ಣದ ಡಬ್ಬಿಗಳ ಕೆಳಗಿನಿಂದ ಪಂಪು ಹೊರಗೆ ಬಂತು. ಬಿದ್ದ ಏಟಿಗೆ ಹಾಳಾದದ್ದು ಒಂದು ಫ್ಯಾನು, ಒಂದು ಬೆಲ್ಟು ಅಷ್ಟೆ. ಎರಡನ್ನೂ ಅವತ್ತೇ ಹಾಕಿದ. ಇಷ್ಟಕ್ಕಾಗಿ ಇಷ್ಟು ವರ್ಷ! ಮರುದಿನ, ಸೋರಿಕೆ ನೋಡಲು ಬೇಕಾದ ಸಾರಜನಕದ ದೊಡ್ಡ ಸಿಲಿಂಡರು ಅವನ ಗಾಡಿಗೆ ಹಿಡಿಯದೆ ನನ್ನ ಗಾಡಿಯಲ್ಲೇ ಹಾಕಿಕೊಂಡು ನಾನೂ ಹೊರಟೆ. ಸಿಲಿಂಡರಿಗೆ ಅಂತ ಹೇಳಿದೆ. ನಿಜ ಹೇಳಬೇಕೆಂದರೆ, ಅವನು ಅರ್ಧ ದಾರಿಯಿಂದ ವಾಪಸು ಬಂದುಬಿಟ್ಟಾನು ಎಂಬ ಅನುಮಾನಕ್ಕೆ.

ಚೆಮಾ ಕುರ್ಚಿ ಹಾಕಿಕೊಂಡು ಪೆಟ್ಟಿಗೆಯ ಮುಂದೆ ಕೂತಿದ್ದ. ಯಾದಿರಾ ನಿಂಬೆ ಪಾನಕ ತಂದಳು. "ಪದ್ರಿನೊ, ಇವತ್ತು ಏನೇನೋ ತಂದಿದ್ದೀರಲ್ಲ!" ಎಂದು ಬೆರಗಾದಳು. ನಬೋರ್ ಪಾನಕ ಮುಟ್ಟಲಿಲ್ಲ. ಒಳಗಿದ್ದ ಕೆಟ್ಟ ಗ್ಯಾಸನ್ನು ಖಾಲಿ ಸಿಲಿಂಡರಿಗೆ ಎಳೆದ. ಸಾರಜನಕ ತುಂಬಿ, ನಟ್ಟುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿದ, ಬರಲಿಲ್ಲ. ಅದನ್ನೂ ಬಿಟ್ಟು, ಕೊನೆಗೆ ಪಂಪು ಹಚ್ಚಿದ. ಹಳೆಯ ಪಂಪು ಗೊರಗೊರ ಎಂದು ಶುರುವಾಯಿತು. ಮುಳ್ಳು ನಿಧಾನ ಕೆಳಗಿಳಿಯಿತು. ವಾಲ್ವು ಮುಚ್ಚಿ ಪಂಪು ನಿಲ್ಲಿಸಿದ. ಮುಳ್ಳು ಕೊಂಚ ಕೊಂಚವೇ ಮೇಲೆ ಏರಿತು.

"ಯಾಕೆ ಏರ್ತಿದೆ?" ಎಂದ ಚೆಮಾ. ಅವನು ಎಲ್ಲವನ್ನೂ ನೋಡುತ್ತಿದ್ದ.

"ಒಳಗೆ ಪಸೆ ಉಳಿದಿದೆ. ಪೂರ್ತಿ ಒಣಗೋವರೆಗೂ ಎಳೀಬೇಕು."

"ಪಸೆ ಯಾವಾಗ ಹೋಯ್ತು ಒಳಗೆ?"

ನಬೋರ್ ಎಣ್ಣೆ ಬದಲಿಸಿ ಪಂಪನ್ನು ಮತ್ತೆ ಓಡಿಸಿದ.

"ಮೊದಲ ದಿನಾನೇ."

ಚೆಮಾ ಪಂಪಿನ ಕಡೆ ಬೆರಳು ತೋರಿಸಿದ. "ಇದನ್ನ ಅವತ್ತು ತಂದಿರ್ಲಿಲ್ಲ ನೀವು."

"ತಂದಿರ್ಲಿಲ್ಲ."

"ಅವತ್ತು ಒಂದು ಸದ್ದು ಬಂತು. ಏಸಿ ಹುಟ್ತು, ಮೊದಲ ಉಸಿರು ಅಂದ್ರಿ."

"ಗ್ಯಾಸ್ ಬಿಟ್ಟು ಗಾಳಿ ತಳ್ಳಿದ್ದು ಅದು. ಹಾಗೆ ಮಾಡ್ಬಾರ್ದು. ಬೇಗ ಆಗುತ್ತೆ ಅಂತ ಮಾಡ್ದೆ."

"ಮತ್ತೆ ವೈರು?"

ನಬೋರ್ ಎದ್ದು ನಿಂತ. ಅಷ್ಟು ಮಾತ್ರ ಅವನು ನೆಟ್ಟಗೆ ನಿಂತು, ಯಾದಿರಾಳ ಮುಂದೆ, ಬಾಗಿಲಿಗೆ ಬಂದು ನಿಂತ ಕೂಕಾಳ ಮುಂದೆ, ನನ್ನ ಮುಂದೆ ಹೇಳಿದ. "ನಿಮ್ಮ ವೈರು ಮೊದಲು ಹಾಕಿದ್ದೇ ಸರಿಯಾಗಿತ್ತು. ಅವತ್ತು ಮೀಟರ್ ಹಾಕಿದಾಗ್ಲೇ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಮೇಲೆ ಹಾಕ್ದೆ. ಒಫೆಲಿಯಾ ಅವ್ರಿಗೂ ಇರಾಮ್‌ಗೂ ನಾನೇ ಹೋಗಿ ಹೇಳ್ತೀನಿ."

ಅವನು ಹೊಡೆಸಿಕೊಳ್ಳಲು ನಿಂತವನಂತೆ ನಿಂತಿದ್ದ. ಚೆಮಾ ಹೊಡೆಯಲಿಲ್ಲ, ಬೈಯಲಿಲ್ಲ. ಹೊಸದಾಗಿ ಗಿಲಾವು ಮಾಡಿ ಇನ್ನೂ ಬಣ್ಣ ಕಾಣದ ಗೋಡೆಯ ಪಟ್ಟಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಕೈ ಚಾಚಿದ.

"ನನ್ನ ಪ್ಲೇಯರ್ ಕೊಡಿ."

ನಬೋರ್ ಚೀಲದಿಂದ ತೆಗೆದು ಕೊಟ್ಟ. ಚೆಮಾ ಅದನ್ನು ಅಂಗಿಯ ತುದಿಯಿಂದ ಒರೆಸಿ ಹಿಂದಿನ ಜೇಬಿಗೆ ಹಾಕಿಕೊಂಡು ಮತ್ತೆ ಕುರ್ಚಿಯಲ್ಲಿ ಕುಳಿತ. ಕೆಲಸ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ. ಮುಳ್ಳು ಈ ಸಲ ತಳಕ್ಕಿಳಿದು ಅಲ್ಲೇ ನಿಂತಿತು, ನಾವೆಲ್ಲ ಅದನ್ನೇ ನೋಡುತ್ತ ಬೆವರಿದೆವು. ನಬೋರ್ ಸಿಲಿಂಡರನ್ನು ತಕ್ಕಡಿಯ ಮೇಲೆ ತಲೆಕೆಳಗಾಗಿ ಇಟ್ಟು, ಪೆಟ್ಟಿಗೆಯ ಮೇಲೆ ಬರೆದಿದ್ದಷ್ಟೇ ತೂಕ ನೋಡಿ ಹೊಸ ಗ್ಯಾಸು ತುಂಬಿದ. ಮಧ್ಯಾಹ್ನದ ಬಿಸಿಲು ತಲೆಯ ಮೇಲೆ ಕುದಿಯುತ್ತಿತ್ತು. ಏಸಿ ಓಡಿತು, ಓಡುತ್ತಲೇ ಇತ್ತು. ಕಿಟಕಿಯಿಂದ ಕೈ ಹೊರಗೆ ಹಾಕಿ ಯಾದಿರಾ "ತಣ್ಣಗಿದೆ ಅಪ್ಪಾ" ಎಂದಳು.

ನಬೋರ್ ಪಂಪನ್ನು ಎತ್ತಿಕೊಂಡು ಗೇಟಿನವರೆಗೆ ಹೋದ. ಚೆಮಾ ಮರ್ಯಾದೆಯಿಂದ ಅವನಿಗೆ ಗೇಟು ತೆರೆದ, ಮನೆಗೆ ಬಂದ ಯಾವ ಕೆಲಸದವನಿಗಾದರೂ ತೆರೆಯುವಂತೆ.

"ಕೆಲಸ ಚೆನ್ನಾಗಾಯ್ತು, ಮೇಸ್ತ್ರಿ" ಎಂದ.

ಮೇಸ್ತ್ರಿ. ಬೀದಿಯ ಹೆಂಗಸರೆಲ್ಲ ನಬೋರನನ್ನು ಕರೆಯುವುದು ಹಾಗೇ, ಅದು ಬೈಗುಳವಲ್ಲ. ಆದರೆ ಅವನ ಕಾಲು ಅಲ್ಲೇ ತಡೆಯಿತು, ಪಂಪು ಜಾರಿ ಬೀಳುವುದರಲ್ಲಿತ್ತು. ನಾನು ಒಂದು ಕಡೆ ಹಿಡಿದುಕೊಂಡೆ.

ಅವನು ಒಫೆಲಿಯಾಳ ಮನೆಗೆ ಹೋಗಿ ಹೇಳಿದ. ಅವಳು ಅವನನ್ನು ಬ್ಯಾಟರಿ ಮುಗಿಯದ ರೇಡಿಯೋದಂತೆ ಬೈದಳು, ನಿಂತು ಕೇಳಿಸಿಕೊಂಡ. ಈಗ ಪ್ರತಿ ತಿಂಗಳೂ ನನ್ನಲ್ಲಿ ಎಣ್ಣೆ ಒಯ್ಯುತ್ತಾನೆ. ಬೀದಿಯಲ್ಲಿ ಅವನ ಹೆಸರು ಸ್ವಲ್ಪ ಇಳಿದಿದೆ, ನಬೋರ್ ಮೊದಲಿನ ಹಾಗೆ ಚುರುಕಿಲ್ಲ ಎನ್ನುತ್ತಾರೆ. ಗಿರಾಕಿಗಳು ಅವಸರ ಮಾಡಿದರೆ ಐಸು ತಲೆಯ ಮೇಲಿಟ್ಟುಕೊಳ್ಳಿ ಎನ್ನುತ್ತಾನಂತೆ. ಯಾದಿರಾ ಇನ್ನೂ ಪದ್ರಿನೊ ಎಂದೇ ಕರೆದು ಕೆನ್ನೆಗೆ ಮುತ್ತು ಕೊಡುತ್ತಾಳೆ. ಅವನು ಕೆನ್ನೆಯನ್ನು ಅರ್ಧ ಮಾತ್ರ ಕೊಡುತ್ತಾನೆ.

ಮೊನ್ನೆ ಇಬ್ಬರೂ ನನ್ನ ಅಂಗಡಿಯಲ್ಲಿ ಎದುರಾದರು. ಚೆಮಾ ಟೇಪು ಕೊಳ್ಳಲು ಬಂದಿದ್ದ, ಶರ್ಟಿಗೆ ಇಸ್ತ್ರಿಯಿತ್ತು, ಜೇಬಿನಲ್ಲಿ ಪ್ಲೇಯರ್ ಇತ್ತು.

"ಹೇಗಿದ್ದೀರಿ ಮೇಸ್ತ್ರಿ?" ಎಂದು ಅವನೇ ಮೊದಲು ಕೇಳಿದ, ನಗುಮುಖದಿಂದಲೇ.

ನಬೋರನ ತುಟಿ 'ಕೊಂ' ಎನ್ನುವಷ್ಟು ತೆರೆಯಿತು. ನಾನು ನೋಡಿದೆ. ಆಮೇಲೆ ಅವನು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಚೆನ್ನಾಗಿದ್ದೀನಿ, ದೋನ್ ಚೆಮಾ" ಎಂದ.